ಗಡ್ಡದ ನಾಗನ ಕಾವಲು

ಚನಿಯನನ್ನು ತಕ್ಕಡಿಗೆ ಹಾಕಿದರೆ ಐವತ್ತು ಕಿಲೋದ ಆಚೀಚೆ ತೂಗಬಹುದು. ಅದರಲ್ಲೂ ಸೊಂಟದ ಬೀಗದಕೈ ಗೊಂಚಲಿನ ತೂಕ ಕಳೆಯಬೇಕು. ಹೊರಗಿನ ಪ್ಯಾಕಿಂಗ್ ಸಾಧಾರಣ: ಒಗೆದು ಒಗೆದು ಬಣ್ಣ ಬಿಟ್ಟ ಕಂಪೆನಿಯ ಅಂಗಿ, ದಾರ ಕಟ್ಟಿದ ಕನ್ನಡಕ, ಬಿರುಕು ಬಿಟ್ಟ ಹಿಮ್ಮಡಿ. ಮಾತು ಚಿಲ್ಲರೆಯಲ್ಲಿ ಮಾತ್ರ, ಸಗಟಿನಲ್ಲಿ ಇಲ್ಲ. ಚೌಕಾಸಿ ಅವನ ಜಾಯಮಾನದಲ್ಲೇ ಇಲ್ಲ. ಹೇಳಿದ ದರ ಕೊಟ್ಟು, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೂ ನೋಡದೆ ಹೋಗುವ ಗಿರಾಕಿ. ಇಂಥ ಮಾಲನ್ನು ಬಹರೈನಿನ ಮನಾಮಾ ಸೂಕಿನ, ಅಂದರೆ ಪೇಟೆಬೀದಿಯ, ಯಾವ ವ್ಯಾಪಾರಿಯೂ ಮುಂದಿನ ಸಾಲಿನಲ್ಲಿ ಇಡುವುದಿಲ್ಲ. ಹೂವು, ಕಾಯಿ, ಅರಶಿನ, ಕರ್ಪೂರ ಮಾರುತ್ತ ಅದೇ ಸೂಕಿನಲ್ಲಿ ತಲೆ ನರೆಸಿಕೊಂಡ ಈ ಬರೆಯುವವನೂ ಅವನನ್ನು ಹಿಂದಿನ ಗೋಣಿಗಳ ಪಕ್ಕದಲ್ಲೇ ಇಟ್ಟಿದ್ದ. ಕಂಡ ಕೂಡಲೇ ಬೆಲೆ ಹೇಳುವುದರಲ್ಲಿ ತಾನು ಪಳಗಿದವ ಎಂಬ ಹಮ್ಮು ಈ ವ್ಯಾಪಾರಿಗಿತ್ತು. ಎರಡು ಸಾವಿರದ ಎಂಟರ ನಾಗರಪಂಚಮಿಯ ಬೆಳಿಗ್ಗೆ ಆ ಹಮ್ಮು ಇಳಿಯಿತು.

ಚನಿಯ ಬೆಳ್ತಂಗಡಿ ಕಡೆಯವನು. ತೊಂಬತ್ತರ ದಶಕದಲ್ಲಿ ಕಟ್ಟಡದ ಕೆಲಸಕ್ಕೆಂದು ಬಹರೈನಿಗೆ ಬಂದ. ಕಟ್ಟಿಸುವ ಕಂಪೆನಿ ಮುಳುಗಿದ ಮೇಲೆ, ಹಳೆಯ ಕಾಲದ ಊರುಗಳನ್ನು ಅಗೆಯಲು ಆಳು ಒದಗಿಸುವ ಒಬ್ಬ ಕಂತ್ರಾಟುದಾರನ ಕೈಗೆ ಬಿದ್ದ. ರಜೆಗೆ ಹೋದಾಗ ಊರಿನವರು ನಗಾಡಿದರು: "ಎಂತ ಚನಿಯ, ಎಲ್ಲರೂ ಗಲ್ಫಿಗೆ ಹೋಗಿ ಮನೆ ಕಟ್ಟುದು, ನೀನು ಬಿದ್ದ ಮನೆ ಹುಡುಕುದಂತೆ?"

"ಬಿದ್ದದ್ದು ಇನ್ನು ಬೀಳ್ಲಿಕ್ಕಿಲ್ಲ ಮಾರಾಯ್ರೆ," ಎಂದನಂತೆ ಚನಿಯ. "ಕೆಲಸ ಗಟ್ಟಿ."

ಅಗೆತ ನಡೆಯುತ್ತಿದ್ದದ್ದು ದ್ವೀಪದ ಉತ್ತರ ದಂಡೆಯಲ್ಲಿ, ಖರ್ಜೂರದ ತೋಟಗಳ ನಡುವೆ. ಅಲೆಕ್ಸಾಂಡರನ ಹಡಗುಗಳು ಬಂದು ಹೋದ ನಂತರದ ಕಾಲದ ಊರು. ಗ್ರೀಕರು ಆಗ ಈ ದ್ವೀಪವನ್ನು ಟೈಲೋಸ್ ಎನ್ನುತ್ತಿದ್ದರು. ಎರಡು ಓಣಿ, ಸಾಲು ಕೋಣೆಗಳು, ಒಂದು ಒಲೆ, ನೀರು ಹರಿಯುವ ಕಲ್ಲಿನ ತೋಡು, ರೋಮಿನ ಕಡೆಯಿಂದ ಬಂದ ಗಾಜಿನ ಬಾಟಲಿಯ ಚೂರುಗಳು. ಅಂದರೆ, ಸಮುದ್ರ ದಾಟಿ ಬಂದು ಇಲ್ಲಿ ಅಂಗಡಿ ಇಟ್ಟವರಲ್ಲಿ ನಾವು ಮೊದಲಿಗರಲ್ಲ, ಕೊನೆಯವರೂ ಆಗಿರಲಿಕ್ಕಿಲ್ಲ.

ಅಗೆಸುತ್ತಿದ್ದವರು ಫ್ರಾನ್ಸಿನಿಂದ ಬಂದ ಒಬ್ಬ ಮೇಡಂ. ಉಳಿದ ಕೂಲಿಯವರು ಬುಟ್ಟಿ ಹೊತ್ತು ಅಡ್ಡದಾರಿ ಹಿಡಿದು ಗೋಡೆಗಳನ್ನು ತುಳಿದುಕೊಂಡು ಹೋಗುತ್ತಿದ್ದರೆ, ಇವನೊಬ್ಬ ಮಾತ್ರ ಪ್ರತಿ ಗೋಡೆಯನ್ನೂ ಸುತ್ತಿ ಹೋಗುತ್ತಿದ್ದುದನ್ನು ಆಕೆ ಗಮನಿಸಿದರು. ಬುಟ್ಟಿ ಕೆಳಗಿಳಿಸಿ ಕೈಗೆ ಬ್ರಷ್ ಕೊಟ್ಟರು. ಅವನ ಕಾಲಿಗೆ ಆ ವಿದ್ಯೆ ಎಲ್ಲಿಂದ ಬಂತು ಎಂದು ಆಕೆ ಕೇಳಲಿಲ್ಲ, ಅವನು ಹೇಳಲಿಲ್ಲ. ಊರಿನ ನಾಗಬನದ ಗಡಿ ಎಲ್ಲಿ, ಯಜಮಾನಿಕೆಯ ಗುತ್ತಿನ ಮನೆಯ ಅಂಗಳ ಎಲ್ಲಿ ಶುರುವಾಗುತ್ತದೆ, ತನ್ನಂಥವರು ಎಲ್ಲಿ ನಿಲ್ಲಬೇಕು ಎಂಬುದನ್ನು ನಡೆಯಲು ಕಲಿಯುವಾಗಲೇ ಕಲಿತ ಕಾಲು ಅದು.

ಚಳಿಗಾಲದ ಶುಕ್ರವಾರಗಳಲ್ಲಿ ಜನ ನೋಡಲು ಬರುತ್ತಿದ್ದರು. ಜಿಂಜ್‌ನಿಂದ, ಅವಾಲಿಯಿಂದ ಕಾರು ತುಂಬ ಸಂಸಾರಗಳು. ಮಣ್ಣಿನ ಬಣ್ಣದ ಮೋಟು ಗೋಡೆಗಳನ್ನು ಕಂಡು ಒಬ್ಬರು ಕೇಳಿಯೇಬಿಟ್ಟರು:

"ಇದನ್ನು ನೋಡ್ಲಿಕ್ಕೆ ಇಷ್ಟು ದೂರ ಬಂದದ್ದಾ? ನಮ್ಮ ಊರಿನ ಬಿದ್ದ ಹಟ್ಟಿ ಇದಕ್ಕಿಂತ ಎತ್ತರ ಉಂಟು."

"ಅದು ಬಿದ್ದು ಎಷ್ಟು ವರ್ಷ ಆಯ್ತು ಸಾರ್?"

"ಹತ್ತು ಆಗಿರ್ಬಹುದು."

"ಹಾಗಾದ್ರೆ ಇನ್ನೊಂದು ಸಾವಿರದ ಒಂಬೈನೂರ ತೊಂಬತ್ತು ವರ್ಷ ಬಿಟ್ಟು ಅಳೆಯುವ," ಎಂದ ಚನಿಯ. "ಈಚೆ ಬನ್ನಿ, ನೀವು ನಿಂತದ್ದು ಅವರ ಒಲೆ."

ಎರಡು ಸಾವಿರದ ಎಂಟರ ಫೆಬ್ರವರಿಯಲ್ಲಿ ಮೂಲೆಯ ಕೋಣೆಯೊಂದರ ಮಣ್ಣು ತೆಗೆಯುತ್ತಿದ್ದಾಗ ಅವನ ಬ್ರಷ್ಷಿನ ಕೆಳಗೆ ಒಂದು ಸುರುಳಿ ಕಾಣಿಸಿತು. ಇನ್ನಷ್ಟು ಮಣ್ಣು ಹೋಯಿತು, ಇನ್ನೊಂದು ಸುರುಳಿ. ಗೋಡೆಯ ಗಾರೆಗೆ ಕೂಡಿಕೊಂಡಿದ್ದ ಮೆತ್ತನೆಯ ಕಲ್ಲಿನ ಮೇಲೆ ಕೆತ್ತಿದ ಒಂದು ಹಾವು ಹೊರಳಿಕೊಂಡು ಮೇಲೇಳುತ್ತಿತ್ತು. ಮೈಮೇಲೆ ಅಲ್ಲಲ್ಲಿ ಕೆಂಪು ಬಣ್ಣ ಇನ್ನೂ ಉಳಿದಿತ್ತು. ಚನಿಯ ಬ್ರಷ್ ಅಲ್ಲೇ ಬಿಟ್ಟು ಹಿಂದೆ ನೆಗೆದ. ಬೂಟು ಕಳಚಿದ. ಆಮೇಲೆ ನೋಡಿದರೆ ಹಾವಿಗೆ ಹೆಡೆ ಇರಲಿಲ್ಲ. ಗಡ್ಡ ಇತ್ತು.

ಮೇಡಂ ಕುಣಿದಾಡಿದರು. ಗ್ರೀಕರ ಮನೆಗಳಲ್ಲಿಯೂ ಮನೆ ಕಾಯುವ ಒಂದು ಒಳ್ಳೆಯ ಹಾವಿರುತ್ತಿತ್ತಂತೆ. ಅದಕ್ಕೆ ಗಡ್ಡ ಬರೆಯುವುದೂ ಇತ್ತಂತೆ. ಚನಿಯನಿಗೆ ಅರ್ಥವಾದದ್ದು ಒಂದೇ: ಇದೂ ಮನೆ ಕಾಯುವ ಹಾವು. ಹಾಗಾದರೆ ನಾಗನೇ. ನೆಲದಡಿಯ ನಾಗನನ್ನು ತಾನೇ ಎಬ್ಬಿಸಿದ್ದು. ಸುಮ್ಮನಿರುವುದು ಹೇಗೆ? ಮರುದಿನ, ಯಾರೂ ಇಲ್ಲದ ಹೊತ್ತು ನೋಡಿ, ಅಡುಗೆ ಡಬ್ಬಿಯಿಂದ ಒಂದು ಚಿಟಿಕೆ ಅರಶಿನ ತಂದು, ಮುಟ್ಟದೆ, ಮೇಲಿಂದ ಉದುರಿಸಿ, ಕೈ ಮುಗಿದು, ಮನಸ್ಸು ಹಗುರ ಮಾಡಿಕೊಂಡ.

ಅದನ್ನು ಕಂಡುಹಿಡಿದವರು ಮೇಡಂ. ಕೆಂಪಿನ ಪಕ್ಕದಲ್ಲಿ ಹಳದಿ! ಆ ಕಾಲದ ಹಳದಿ ಬಣ್ಣ! ಚಿತ್ರ ತೆಗೆದದ್ದೇ ತೆಗೆದದ್ದು. ಚೂರು ಕೆರೆದು ಸಣ್ಣ ಸೀಸೆಗೆ ಹಾಕಿ ಫ್ರಾನ್ಸಿನ ಪ್ರಯೋಗಾಲಯಕ್ಕೆ ಕಳಿಸಲು ಸಿದ್ಧ ಮಾಡಿದರು. ಚನಿಯನಿಗೆ ಊಟ ಸೇರದಾಯಿತು. ಹೇಳಿದರೆ ವೀಸಾ ಹೋಗುತ್ತದೆ. ಹೇಳದಿದ್ದರೆ ಆ ಸೀಸೆ ಹೋಗಿ ಎಲ್ಲವನ್ನೂ ಹೇಳುತ್ತದೆ. ಕೊನೆಗೆ ಸೀಸೆ ವಿಮಾನ ಹತ್ತುವ ಮುನ್ನ ಟೊಪ್ಪಿ ಕೈಯಲ್ಲಿ ಹಿಡಿದು ಮೇಡಂನ ಮುಂದೆ ನಿಂತ. ಅವನ ಇಂಗ್ಲಿಷ್ ಬಂಡವಾಳ ಅಷ್ಟೂ ಆ ಹೊತ್ತಿಗೆ ಖರ್ಚಾಯಿತು:

"ಮೇಡಂ, ಯೆಲ್ಲೋ, ಮೈ ಕಿಚನ್."

ಆಕೆ ಮಗುಚಿ ಹಾಕಿದ್ದ ಬಾಲ್ದಿಯ ಮೇಲೆ ಕುಸಿದು ಕುಳಿತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ನಗಲಿಲ್ಲ. ಹತ್ತಿ ಸುತ್ತಿದ ಕಡ್ಡಿ ಹಿಡಿದು ಆ ಹಳದಿ ತೆಗೆಯಲು ದಿನಗಟ್ಟಲೆ ಕುಳಿತರು. ಹಳದಿಯ ಜೊತೆಗೆ ಉಗುರಿನಷ್ಟು ಕೆಂಪೂ ಎದ್ದು ಬಂತು. ಎರಡು ಸಾವಿರ ವರ್ಷ ನೆಲದಡಿಯಲ್ಲಿ ಉಳಿದದ್ದು ತನ್ನ ಒಂದು ಚಿಟಿಕೆ ಭಕ್ತಿಗೆ ಉದುರಿದ್ದನ್ನು ಚನಿಯ ಪಕ್ಕದಲ್ಲಿ ನಿಂತು ನೋಡಿದ. ಇನ್ನೊಂದು ಕಲೆ ಬಿದ್ದರೆ ಊರಿಗೆ ಟಿಕೇಟು ಎಂದು ಮೇಡಂ ಬೆರಳೆತ್ತಿ ಹೇಳಿದರು. ಅಷ್ಟು ಹೇಳಿ, ಬೇಸಿಗೆಗೆ ಊರಿಗೆ ಹೊರಡುವಾಗ ಬೇಲಿಯ ಬೀಗದಕೈಯನ್ನು ಅವನ ಕೈಗೇ ಕೊಟ್ಟರು. ಕಲ್ಲನ್ನು ಗಾರೆಯಿಂದ ಬಿಡಿಸಿ ಎತ್ತಬಲ್ಲ ತಜ್ಞ ಅಕ್ಟೋಬರಿಗೆ ಬರುವವನಿದ್ದ. ಅಲ್ಲಿಯವರೆಗೆ ಹಾವಿನ ಮೇಲೊಂದು ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಮರಳಿನ ಚೀಲ, ಬೇಲಿಗೆ ಚನಿಯ.

ತಪ್ಪು ಮಾಡಿದ್ದೆಂದರೆ, ಈ ಕಥೆಯನ್ನು ಅವನು ತನ್ನ ರೂಮಿನ ಕುಶಲನಿಗೆ ಹೇಳಿದ್ದು. ಕುಶಲ ತರಕಾರಿ ವ್ಯಾನಿನ ಡ್ರೈವರ್. ಅವನಿಗೆ ಹೇಳುವುದೂ ಮನಾಮಾದ ನಾಲ್ಕು ಮೂಲೆಗೆ ಮೈಕು ಕಟ್ಟುವುದೂ ಒಂದೇ. ವಾರದೊಳಗೆ ನಮ್ಮವರೆಲ್ಲರಿಗೂ ಗೊತ್ತಾಯಿತು: ಬಹರೈನಿನಲ್ಲಿ ನಾಗನ ಕಲ್ಲು ಎದ್ದಿದೆ. ಗಡ್ಡದ ಸಂಗತಿ ತೊಡಕಾಯಿತಾದರೂ ಅದನ್ನೂ ಯಾರೋ ಬಿಡಿಸಿದರು: "ಗಲ್ಫಿಗೆ ಬಂದವರು ಗಡ್ಡ ಬಿಡುದು ಹೊಸತಾ?"

ಮಾತು ನಗೆಯಲ್ಲೇ ಮುಗಿಯುತ್ತಿತ್ತೇನೋ. ಆದರೆ ಜಿಂಜ್‌ನಲ್ಲಿದ್ದ ಗಿರಿಧರ್ ಎಂಬವರ ಸೊಸೆ ನಿಖಿತಾ ಬಸುರಿಯಾಗಿದ್ದಳು. ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಎಂಟನೆಯ ತಿಂಗಳಿಗೆ ರಕ್ತದೊತ್ತಡ ಏರಿ ಆಸ್ಪತ್ರೆಯ ಹಾಸಿಗೆ ಹಿಡಿದಳು. ಗಿರಿಧರ್ ಒಂದು ದೊಡ್ಡ ಕಂಪೆನಿಯ ಲೆಕ್ಕಪತ್ರದ ಮೇಲಧಿಕಾರಿ, ಉಡುಪಿ ಕಡೆಯ ಗುತ್ತಿನ ಮನೆಯವರು. ಊರಿನ ಭಟ್ಟರು ಪ್ರಶ್ನೆ ಇಟ್ಟು ನೋಡಿದರು: ನಾಗದೋಷ. ಬನದಲ್ಲಿ ತಂಬಿಲ, ಅಂದರೆ ಹಾಲೆರೆದು ಪೂಜೆ, ಆಗಬೇಕು. ಊರಿಗೆ ಹೋಗುವ ಸ್ಥಿತಿ ಇರಲಿಲ್ಲ. "ಅಲ್ಲೇ ನಾಗ ಎದ್ದಿದ್ದರೆ ಅಲ್ಲೇ ಹಾಲೆರೆಯಿರಿ, ಮಂತ್ರ ನಾನು ಫೋನಿನಲ್ಲಿ ಹೇಳುತ್ತೇನೆ," ಎಂದರು ಭಟ್ಟರು.

ಹಾಗೆ ನಾಗರಪಂಚಮಿಯ ಬೆಳಿಗ್ಗೆ ಒಂದು ವ್ಯಾನು ಖರ್ಜೂರದ ತೋಟದ ಮಣ್ಣುದಾರಿಯಲ್ಲಿ ಬಂದು ಬೇಲಿಯ ಮುಂದೆ ನಿಂತಿತು. ಇಳಿದವರು ಗಿರಿಧರ್, ಅವರ ಹೆಂಡತಿ ಕೋಕಿಲಾ, ಮತ್ತು ಸಾಮಾನು ಒದಗಿಸಿ ವ್ಯಾನು ಓಡಿಸಿಕೊಂಡು ಬಂದ ಈ ಅಂಗಡಿಯವನು. ಎರಡು ಕ್ಯಾನು ಹಾಲು, ಎಳನೀರು, ವಿಮಾನದಲ್ಲಿ ತರಿಸಿದ ಅಡಿಕೆಯ ಹಿಂಗಾರ, ಅರಶಿನ.

ಚನಿಯ ಪೋರ್ಟಾ ಕ್ಯಾಬಿನ್ನಿನಿಂದ ಹೊರಗೆ ಬಂದ. ಸಾಮಾನು ನೋಡಿದ. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಂದು ಬುಧವಾರ. ಬುಧವಾರವೆಂದರೆ ಈ ಜಾಗದ ಮೇಲ್ವಿಚಾರಕ, ಬಹರೈನಿನವನೇ ಆದ ಸುಲೈಮಾನ್, ತನ್ನ ಜೀಪಿನಲ್ಲಿ ಸುತ್ತು ಹಾಕುವ ದಿನ.

"ಬಾಗಿಲು ತೆಗಿ ಚನಿಯ," ಎಂದರು ಗಿರಿಧರ್, ತಮ್ಮ ಮನೆಯ ಗೇಟಿನವನಿಗೆ ಹೇಳುವ ಹಾಗೆ.

"ಸೀಸನ್ ಮುಗಿದಿದೆ ಧನಿ. ಈಗ ಯಾರಿಗೂ ನೋಡ್ಲಿಕ್ಕಿಲ್ಲ."

"ನೋಡ್ಲಿಕ್ಕೆ ಬಂದದ್ದಲ್ಲ. ಹಾಲೆರೆದು ಹೋಗ್ತೇವೆ. ಹತ್ತು ನಿಮಿಷ."

"ಅದು ಹಾಲೆರೆಯುವ ಕಲ್ಲಲ್ಲ. ನೀರು ಬಿದ್ರೆ ಸಕ್ಕರೆ ಹಾಗೆ ಕರಗ್ತದೆ."

"ಅರಶಿನ ಹಾಕ್ಲಿಕ್ಕೆ ನಿನಗೆ ಆಗ್ತದೆ, ಹಾಲೆರೆಯಲಿಕ್ಕೆ ನಮಗೆ ಆಗುದಿಲ್ಲವಾ?"

ಚನಿಯನ ಮುಖ ಕಪ್ಪಿಟ್ಟಿತು. "ಹಾಕಿ ಹಾಳು ಮಾಡಿದ್ದೇ ನಾನು. ಅದಕ್ಕೇ ಹೇಳುದು."

ಗಿರಿಧರರ ಕೈಯಲ್ಲಿದ್ದ ಮೊಬೈಲು ಆಗಲೇ ಉಡುಪಿಗೆ ಕೂಡಿಕೊಂಡಿತ್ತು. ಭಟ್ಟರು ಸಂಕಲ್ಪ ಮುಗಿಸಿ ಸ್ಪೀಕರಿನಲ್ಲಿ ಕೇಳಿದರು, "ಹಾಲೆರೆದಾಯ್ತಾ?"

"ಒಂದು ನಿಮಿಷ ಭಟ್ರೆ, ಇಲ್ಲಿ ಬಾಗಿಲು…" ಎಂದು ಗಿರಿಧರ್ ಫೋನಿಗೆ ಹೇಳಿ, ಚನಿಯನತ್ತ ತಿರುಗಿದರು. ಬಿಸಿಲು ಏರುತ್ತಿತ್ತು. ಬೇಲಿಯ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು. ದೊಡ್ಡ ಮನೆಯವರಿಗೆ ಬಾಗಿಲ ಹೊರಗೆ ನಿಂತು ಅಭ್ಯಾಸವಿಲ್ಲ, ಬಾಯಿ ಜಾರಿತು.

"ಊರಲ್ಲಾಗಿದ್ರೆ ನೀನು ಬನದ ಹತ್ತಿರ ಬರ್ತಿದ್ದೆಯಾ? ಇಲ್ಲಿ ನಮಗೆ ಅಡ್ಡ ನಿಲ್ಲುದಾ?"

ಕೋಕಿಲಾ ಗಂಡನ ತೋಳು ಹಿಡಿದರು. ಅಂಗಡಿಯವನು ಹಾಲಿನ ಕ್ಯಾನಿನ ಮುಚ್ಚಳವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಚನಿಯ ಬೀಗದಕೈ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಅವನು ಸ್ವರ ಏರಿಸಲಿಲ್ಲ. "ಬರ್ತಿರ್ಲಿಲ್ಲ ಧನಿ. ಬನದೊಳಗೆ ಕಾಲಿಡ್ಬಾರ್ದು, ಒಂದು ಕಡ್ಡಿ ಮುರಿಬಾರ್ದು ಅಂತ ನನ್ನ ಅಪ್ಪನಿಗೆ ಹೇಳಿಕೊಟ್ಟದ್ದೇ ನಿಮ್ಮಂಥ ಮನೆಯವರು. ನಾವು ಸರಿಯಾಗಿ ಕಲಿತಿದ್ದೇವೆ. ಈಗ ನೀವು ಮರೆತ್ರೆ ನಾನು ಎಂತ ಮಾಡುದು?"

ಫೋನಿನಲ್ಲಿ ಭಟ್ಟರು ಕೆಮ್ಮಿದರು. "ಆಯ್ತಾ?"

ಮಾತು ಅಲ್ಲಿಗೆ ನಿಂತಿದ್ದರೆ ವ್ಯಾನು ತಿರುಗುತ್ತಿತ್ತು. ಗಂಡಸರ ಜಗಳದಲ್ಲಿ ಚನಿಯ ಗೆದ್ದಾಗಿತ್ತು. ಆದರೆ ಕೋಕಿಲಾ ಮುಂದೆ ಬಂದು ಸುಡುವ ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಬಿಡಲೇ ಇಲ್ಲ.

"ಚನಿಯಣ್ಣ," ಎಂದರು.

ದಶಕಗಳ ಕಾಲ ಗಿರಾಕಿಗಳ ಬಾಯಿ ನೋಡಿದವನಿಗೆ ಗೊತ್ತು: 'ಅಣ್ಣ' ಎಂಬುದು ಎಲ್ಲಕ್ಕಿಂತ ಕೊನೆಗೆ ಹೊರಗೆ ಬರುವ ನಾಣ್ಯ. ಆದರೆ ಅದು ಖೋಟಾ ಆಗಿರಲಿಲ್ಲ.

"ನಿನ್ನೆ ರಾತ್ರಿಯಿಂದ ಹುಡುಗಿಗೆ ಕಣ್ಣು ಮಂಜು ಮಂಜು ಅಂತೆ. ಡಾಕ್ಟರು ಇವತ್ತು ನಾಳೆಯೊಳಗೆ ತೆಗೀಬೇಕು ಅಂತಾರೆ. ತೆಗೆದ್ರೆ ಮಗು ಉಳೀತದೋ ಇಲ್ವೋ ಹೇಳುದಿಲ್ಲ. ನೀವೂ ನಾಗನನ್ನು ನಂಬುವವರು. ನೀವೇ ಹೇಳಿ. ಇವತ್ತು ಈ ಬಾಗಿಲಿಂದ ನಾನು ಹಾಗೇ ಹೋಗಿ, ನಾಳೆ ಏನಾದ್ರೂ ಆದ್ರೆ?"

ಚನಿಯ ಬೇಲಿ ಹಿಡಿದ ಆ ಕೈಗಳನ್ನು ನೋಡಿದ. ನಂಬದವನಾಗಿದ್ದರೆ ಸುಲಭವಿತ್ತು. ಅವನು ನಂಬುವವನು. ಎಬ್ಬಿಸಿದವನೂ ಅವನೇ. ಮಣ್ಣಿನೊಳಗೆ ತಣ್ಣಗೆ ಮಲಗಿದ್ದ ನಾಗನನ್ನು ಬ್ರಷ್ ಹಾಕಿ ಎಬ್ಬಿಸಿ, ಆಮೇಲೆ ಪೆಟ್ಟಿಗೆಯಲ್ಲಿ ಕೂಡಿಹಾಕಿ, ಹಾಲು ಹಿಡಿದು ಬಂದವರನ್ನು ಹಿಂದೆ ಕಳಿಸುವುದು. ಮಗುವಿಗೆ ಏನಾದರೂ ಆದರೆ ಅದು ಯಾರ ತಲೆಗೆ? ಒಂದು ಕಡೆ ಉಗುರಿನಷ್ಟು ಉದುರಿದ ಆ ಕೆಂಪು ಕಣ್ಣಿಗೆ ಕಟ್ಟುತ್ತಿತ್ತು. ಇನ್ನೊಂದು ಕಡೆ ಮುಖವನ್ನೇ ನೋಡದ ಒಂದು ಹುಡುಗಿ. ಅವನು ದಾರಿಯ ಕಡೆ ನೋಡಿದ. ಜೀಪಿನ ಧೂಳು ಇನ್ನೂ ಇರಲಿಲ್ಲ.

"ಅಮ್ಮ ಒಬ್ಬರೇ ಬರ್ಲಿ," ಎಂದ ಕೊನೆಗೆ. "ಚಪ್ಪಲಿ ಇಲ್ಲ, ಹಾಲಿಲ್ಲ, ಹೂವಿಲ್ಲ. ಬರಿಗೈ. ನೋಡಿ ಕೈ ಮುಗಿದು ಬರ್ಬೇಕು. ಮುಟ್ಲಿಕ್ಕಿಲ್ಲ."

ಬೀಗ ತೆಗೆದ. ಹಾಗೆ ತೆಗೆದದ್ದು ಅವನ ಕೆಲಸಕ್ಕೆ ಸಾಕಷ್ಟು ಅಪಾಯ ಎಂದು ಅವನಿಗೆ ಗೊತ್ತಿತ್ತು. ಗಿರಿಧರ್ ಹಿಂದೆ ಬರಹೋದರೆ ಬಾಗಿಲನ್ನು ಒಳಗಿನಿಂದ ಎಳೆದು ಚಿಲಕ ಹಾಕಿಕೊಂಡ. ಬೇಲಿಯ ಹೊರಗೆ ಉಳಿದವರಿಗೆ ಮುಂದಿನದೆಲ್ಲ ಕಾಣಿಸುತ್ತಿತ್ತು, ಕೇಳಿಸುತ್ತಿತ್ತು, ತಡೆಯುವ ದಾರಿ ಮಾತ್ರ ಇರಲಿಲ್ಲ.

ಹಲಗೆ ಹಾಸಿದ ಕಾಲುದಾರಿಯಲ್ಲಿ ಮುಂದೆ ಚನಿಯ, ಹಿಂದೆ ಕೋಕಿಲಾ. ಹಲಗೆ ಕಾದಿತ್ತು, ಆಕೆ ಒಂದು ಹೆಜ್ಜೆಯನ್ನೂ ಬೇಗ ಎತ್ತಲಿಲ್ಲ. ಮೂಲೆಯ ಕೋಣೆಯಲ್ಲಿ ಅವನು ಚೀಲಗಳನ್ನು ಒಂದೊಂದಾಗಿ ಇಳಿಸಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟ. ಹಾವು ಬೆಳಕಿಗೆ ಬಂತು. ಕೆಂಪು ಬಣ್ಣ ನಿನ್ನೆ ಬಳಿದಂತೆ ಹೊಳೆಯಿತು.

ಕೋಕಿಲಾ ಮೊಣಕಾಲೂರಿದರು. ಕೈ ಮುಗಿದರು. ಅಳಲಿಲ್ಲ. ಸೆರಗಿನ ತುದಿಯನ್ನು ಮಡಿಲಿಗೆ ಎಳೆದುಕೊಂಡು ಅದರ ಗಂಟನ್ನು ಬೆರಳಿನಿಂದ ಹಿಸುಕುತ್ತ ಕುಳಿತರು. ಗಂಟಿನೊಳಗಿದ್ದದ್ದು ಹಳದಿ ಎಂದು ಚನಿಯನಿಗೆ ಕಂಡದ್ದು, ಅದು ಬಿಚ್ಚಿದ ಮೇಲೆ.

"ಅಮ್ಮಾ, ಬೇಡ."

ಆಕೆಗೆ ಕೇಳಿಸಲಿಲ್ಲ. ಮುಷ್ಟಿ ಎತ್ತಿಯಾಗಿತ್ತು. ಕೈ ಹಿಡಿದು ತಡೆಯಬೇಕು. ಆದರೆ ಗುತ್ತಿನ ಮನೆಯ ಹೆಂಗಸಿನ ಕೈಯನ್ನು ಚನಿಯ ಹಿಡಿಯುವುದುಂಟೇ? ಆ ಗಳಿಗೆಯಲ್ಲಿ ಅವನ ಮೈ ತನಗೆ ಗೊತ್ತಿದ್ದ ಇನ್ನೊಂದು ಗಡಿಯನ್ನು ದಾಟಿತು. ಬಾಗಿ, ತನ್ನ ಎರಡೂ ಅಂಗೈಯನ್ನು ಅಗಲಿಸಿ, ಹಾವಿನ ಮೇಲೆ ಕೊಡೆಯಂತೆ ಹಿಡಿದ. ನಾಗನಿಗೂ ಅವನಿಗೂ ನಡುವೆ ಗಾಳಿ ಓಡಾಡುವಷ್ಟು ಎಡೆ. ಇಷ್ಟು ಹತ್ತಿರ ಅವನ ಕುಲದಲ್ಲಿ ಯಾರೂ ಹೋದದ್ದಿಲ್ಲ.

ಅರಶಿನ ಅಷ್ಟೂ ಅವನ ಕೈಯ ಮೇಲೆ ಬಿತ್ತು.

ಇಬ್ಬರೂ ಅಲುಗಲಿಲ್ಲ. ಬೆರಳಿನ ಸಂದಿಯಲ್ಲಿ ಒಂದು ಕಾಳು ಇಳಿದರೂ ಮುಗಿಯಿತು. ಬೆವರಿಗೆ ಅರಶಿನ ಒದ್ದೆಯಾಗಿ ಮಣಿಕಟ್ಟಿನ ಕಡೆ ಹರಿಯತೊಡಗಿತ್ತು. ಚನಿಯ ಬೆರಳುಗಳನ್ನು ಬಿಗಿ ಮಾಡಿ, ಕೈಗಳನ್ನು ನಿಧಾನವಾಗಿ, ತುಂಬಿದ ತಟ್ಟೆಯನ್ನು ಎತ್ತುವಂತೆ, ತನ್ನ ಎದೆಯ ಕಡೆಗೆ ತಂದುಕೊಂಡ. ಅಂಗಿಗೆ ಒರೆಸಿಕೊಂಡ. ಅಂಗಿಯೂ ಹಳದಿಯಾಯಿತು. ಆಮೇಲೆ ಕಲ್ಲನ್ನು ನೋಡಿದ. ಕಲ್ಲು ಹಾಗೇ ಇತ್ತು.

"ನಾನು ಹಾಕಿದೆ," ಎಂದರು ಕೋಕಿಲಾ, ಎಚ್ಚರಾದವರಂತೆ. "ನಾಗನಿಗೆ ಬೀಳ್ಲಿಲ್ಲ."

"ಇಲ್ಲ ಅಮ್ಮ. ನನ್ನ ಮೇಲೆ ಬಿತ್ತು." ಅವನು ಬಗ್ಗಿ ನೆಲ ಮುಟ್ಟಿದ. "ಈ ಮಣ್ಣು ಮುಟ್ಟಿ ಹೇಳ್ತೇನೆ. ಹಾಲು ತಪ್ಪಿಸಿದ್ದು ನಾನು. ಅರಶಿನ ತಪ್ಪಿಸಿದ್ದು ನಾನು. ಎಬ್ಬಿಸಿದ್ದೂ ನಾನು. ದೋಷ ಅಂತ ಇದ್ರೆ ನನಗೂ ನನ್ನ ಮನೆಗೂ ಬರ್ಲಿ. ನಿಮಗೆ, ನಿಮ್ಮ ಹುಡುಗಿಗೆ, ಆ ಮಗುವಿಗೆ, ಹೊರಗೆ ನಿಂತವರಿಗೆ ಯಾರಿಗೂ ಬೇಡ. ನೀವು ಇನ್ನು ಧೈರ್ಯದಲ್ಲಿ ಆಸ್ಪತ್ರೆಗೆ ಹೋಗಿ."

ಹೊರಗೆ ಗಿರಿಧರರ ಕೈಯಲ್ಲಿ ಫೋನು ಇನ್ನೂ ಮಾತಾಡುತ್ತಿತ್ತು. "ಆಯ್ತಾ? ಆಯ್ತು ಅಂತ ಹೇಳಿ, ಮುಂದಿನದು ಶುರು ಮಾಡ್ತೇನೆ."

ಗಿರಿಧರ್ ಫೋನು ಆರಿಸಿದರು.

ಅಷ್ಟರಲ್ಲಿ ಜೀಪು ಬಂತು. ಸುಲೈಮಾನ್ ಇಳಿದು ತೆರೆದ ಬೀಗ ನೋಡಿದ, ಹಾಲಿನ ಕ್ಯಾನು ನೋಡಿದ, ಬರಿಗಾಲಲ್ಲಿ ಹಲಗೆಯ ಮೇಲೆ ಬರುತ್ತಿದ್ದ ಹೆಂಗಸನ್ನು ನೋಡಿದ.

"ಶಿನು ಹಾದಾ? ಏನಿದು?"

"ಪಿಕ್‌ನಿಕ್," ಎಂದರು ಗಿರಿಧರ್.

"ಆಗಸ್ಟ್ ತಿಂಗಳಲ್ಲಿ?" ಎಂದ ಸುಲೈಮಾನ್. "ಹಾಲು ಹಿಡಿದುಕೊಂಡು?"

ಅಂಗಡಿಯವನು ಚಹಾಕ್ಕೆ ಎಂದು ಹೇಳಲು ಬಾಯಿ ತೆರೆದಿದ್ದ. ಒಳ್ಳೆಯ ಸುಳ್ಳು, ಮಾರಾಟವಾಗುವಂಥದ್ದು. ಅಷ್ಟರಲ್ಲಿ ಚನಿಯ ಬಾಗಿಲಿಗೆ ಬಂದು ತನ್ನ ಹಳದಿ ಕೈಗಳನ್ನು ಮುಂದೆ ಚಾಚಿದ, ಪೊಲೀಸಿಗೆ ಚಾಚುವ ಹಾಗೆ. "ಅರ್ಬಾಬ್, ಒಬ್ಬರನ್ನು ಒಳಗೆ ಬಿಟ್ಟೆ," ಎಂದು ತನ್ನ ಮುರುಕು ಹಿಂದಿಯಲ್ಲಿ ಹೇಳಿದ. "ಪೆಟ್ಟಿಗೆ ತೆಗೆದೆ. ಕಲ್ಲಿಗೆ ಏನೂ ಆಗಿಲ್ಲ. ನೋಡಿ."

ಸುಲೈಮಾನ್ ನೋಡಲು ಹೋದ. ಬಹಳ ಹೊತ್ತು ಬರಲಿಲ್ಲ. ಟಾರ್ಚು ಹಿಡಿದು, ಭೂತಗನ್ನಡಿ ಹಿಡಿದು, ಕಲ್ಲಿನ ಒಂದೊಂದು ಹುರುಪೆಯನ್ನೂ ನೋಡುತ್ತಿದ್ದುದು ಬೇಲಿಯಿಂದ ಕಾಣುತ್ತಿತ್ತು. ಗಿರಿಧರ್ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಲೇ ಇದ್ದರು. ಮೇಲಿನ ಕಚೇರಿಗೆ ಒಂದು ಮಾತು ಹೋದರೆ ಅವರ ದೊಡ್ಡ ಕುರ್ಚಿಯೂ ಸಣ್ಣದಾಗುತ್ತಿತ್ತು. ಅಂಗಡಿಗೆ ಬೀಗ ಬೀಳುತ್ತಿತ್ತು. ಚನಿಯ ಮಾತ್ರ ಕೈ ಚಾಚಿಕೊಂಡೇ ನಿಂತಿದ್ದ. ಇಳಿಸಲು ಮರೆತಿದ್ದ.

ಸುಲೈಮಾನ್ ವಾಪಸು ಬಂದು ಅವನ ಕೈಗಳನ್ನು ತಿರುಗಿಸಿ ನೋಡಿದ. ಫೆಬ್ರವರಿಯ ಕಥೆ ಅವನಿಗೂ ಗೊತ್ತಿತ್ತು.

"ಕಲ್ಲು ಚೆನ್ನಾಗಿದೆ," ಎಂದ. "ಆದರೆ ಮಮ್ನೂ ಅಂದರೆ ಮಮ್ನೂ, ಬಿಡಬಾರದು ಅಂದರೆ ಬಿಡಬಾರದು. ಬಾಗಿಲು ತೆಗೆದೆ ತಾನೆ?"

"ತೆಗೆದೆ."

"ಕೀಲಿ."

ಚನಿಯ ಸೊಂಟದಿಂದ ಗೊಂಚಲನ್ನು ಬಿಚ್ಚಿ ಕೊಟ್ಟ. ಬಂದವರು ಯಾರು, ಯಾಕೆ ಬಂದರು ಎಂದು ಸುಲೈಮಾನ್ ಆಮೇಲೆಯೂ ಕೇಳಿದ. "ನೋಡ್ಲಿಕ್ಕೆ ಬಂದವರು," ಎಂದಷ್ಟೇ ಹೇಳಿದ ಚನಿಯ. ಹೆಸರು ಹೇಳಲಿಲ್ಲ. ಸುಲೈಮಾನ್ ಗಿರಿಧರರ ಕಡೆ ತಿರುಗಿ, "ಯಲ್ಲಾ, ಪಿಕ್‌ನಿಕ್ ಖಲಾಸ್," ಎಂದ.

ಮರುದಿನ ಆಸ್ಪತ್ರೆಯಲ್ಲಿ ನಿಖಿತಾಳ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಎರಡು ಅಂಗೈಯಲ್ಲಿ ಹಿಡಿಯುವಷ್ಟು. ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಆಮೇಲೆ ಮನೆಗೆ ಬಂತು, ಈಗ ಶಾಲೆಗೆ ಹೋಗುತ್ತದೆ, ಕನ್ನಡ ಮಾತಾಡೆಂದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ. ಹಾಲೆರೆಯದಿದ್ದರೂ ನಾಗನಿಗೆ ತಮ್ಮ ಮನಸ್ಸು ತಿಳಿಯಿತು ಎಂದು ಗಿರಿಧರ್ ಅದ್ಲಿಯಾದ ಹೋಟೆಲಿನಲ್ಲಿ ನಾಮಕರಣದ ಊಟ ಹಾಕಿಸಿದಾಗ ಹೇಳಿದರು. ಆ ಊಟಕ್ಕೆ ಚನಿಯನನ್ನು ಕರೆದದ್ದು ಕೋಕಿಲಾ. ಅವನು ಬರಲಿಲ್ಲ.

ಅಕ್ಟೋಬರಿನಲ್ಲಿ ಮೇಡಂ ಬಂದರು. ಸುಲೈಮಾನನ ವರದಿ ಓದಿದರು. ವೀಸಾ ಉಳಿಸಿದರು, ಬೀಗದಕೈ ಉಳಿಸಲಿಲ್ಲ. ಚನಿಯನನ್ನು ಗೋದಾಮಿಗೆ, ಮಡಕೆ ಚೂರು ತೊಳೆಯುವ ಕೆಲಸಕ್ಕೆ ಹಾಕಿದರು. ತಜ್ಞ ಕಲ್ಲನ್ನು ಗಾರೆಯಿಂದ ಬಿಡಿಸಿದ ದಿನ, ಹೊರಲು ನಾಲ್ವರು ಬೇಕಾದಾಗ ಆಕೆ ಅವನನ್ನೇ ಹೆಸರು ಹಿಡಿದು ಕರೆದರು. ಚನಿಯ ತಲೆಯಾಡಿಸಿದ. "ಅಷ್ಟು ಹತ್ತಿರ ಹೋದದ್ದೇ ಜಾಸ್ತಿ ಆಯ್ತು ಮೇಡಂ," ಎಂದು ಕನ್ನಡದಲ್ಲೇ ಹೇಳಿ ದೂರ ನಿಂತ. ಹಾವು ಅದರ ಗಡ್ಡ, ಉಳಿದ ಕೆಂಪು ಎಲ್ಲದರ ಸಮೇತ ಹತ್ತಿಯ ಹಾಸಿಗೆಯಲ್ಲಿ ಮಲಗಿ ಹೋಯಿತು. ಈಗ ಗಾಜಿನ ಹಿಂದೆ ಇದೆ. ಟಿಕೇಟು ಕೊಟ್ಟರೆ ಯಾರು ಬೇಕಾದರೂ ನೋಡಬಹುದು.

ಆ ಮಳೆಗಾಲದಲ್ಲೇ, ಊರಿನಲ್ಲಿ ಚನಿಯನ ಹೆಂಡತಿ ತೋಡಿನ ಬದಿಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಸುದ್ದಿ ಬಂದದ್ದು ನಾಗರಪಂಚಮಿಯ ಮರುವಾರ, ಕುಶಲನ ಫೋನಿಗೆ. ಚನಿಯ ಫೋನು ಕಿವಿಗಿಟ್ಟು ಎಲ್ಲವನ್ನೂ ಕೇಳಿ, ಒಂದೇ ಪ್ರಶ್ನೆ ಕೇಳಿದನಂತೆ: "ಯಾವ ದಿನ?" ಆ ಕಡೆಯಿಂದ ಬಂದ ಉತ್ತರವನ್ನು ಅವನು ಯಾರಿಗೂ ಹೇಳಲಿಲ್ಲ. ಅವನು ಊರಿಗೆ ಖಾಯಂ ಹೊರಡುವ ಮುನ್ನ ಅಂಗಡಿಗೆ ಬಂದಾಗ ಈ ಬರೆಯುವವನು ಆ ದಿನ ಯಾವುದೆಂದು ಕೇಳಿಯೇಬಿಟ್ಟ.

"ಮಳೆಗಾಲ ಮಾರಾಯ್ರೆ," ಎಂದ ಚನಿಯ. "ಪಾಚಿ. ಜಾರ್ತದೆ."

ಹೆಂಡತಿ ಈಗಲೂ ಕೋಲು ಊರಿ ನಡೆಯುತ್ತಾಳಂತೆ. ಅದು ಪಾಚಿಯ ಕೆಲಸವೋ ನಾಗನ ಕೆಲಸವೋ ತೀರ್ಮಾನಿಸುವುದು ವ್ಯಾಪಾರಿಗೆ ಬರುವ ವಿದ್ಯೆಯಲ್ಲ. ಚನಿಯನ ಲೆಕ್ಕದಲ್ಲಿ ಅದು ಯಾವುದು ಎಂಬುದು ಮಾತ್ರ ಅವನ ಮುಖದಲ್ಲಿತ್ತು. ಆ ಬೆಳಿಗ್ಗೆ ಅವನು ಮಣ್ಣು ಮುಟ್ಟಿ ತನ್ನ ಮನೆಗೆ ಬರಮಾಡಿಕೊಂಡ ದೋಷದಲ್ಲಿ ಬೇಲಿಯ ಹೊರಗೆ ನಿಂತಿದ್ದ ಈ ಬರೆಯುವವನ ಪಾಲೂ ಒಂದಿತ್ತು, ಆ ಸಾಲವನ್ನು ಇವನು ಚನಿಯನಿಗೆ ಇನ್ನೂ ತೀರಿಸಿಲ್ಲ.